ಗೋಡೆಯ ಮೇಲೆ ಕೂತ ಪತಂಗದ ಹೊಟ್ಟೆಯಿಂದ ಹೊರಬಂದ ನಾಲ್ಕು ರೋಮದ ಕೊಳವೆಗಳು

ಪ್ರಶ್ನೆ: ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ, ಎದುರಿಗೆ ಗದ್ದೆ, ನಡುವೆ ಹಳೆಯ ಬೇಲಿ. ಅಕ್ಟೋಬರ್ ಮೊದಲ ವಾರದಲ್ಲಿ, ಸಂಜೆಯ ಮಳೆ ನಿಂತ ಮೇಲೆ, ರಾತ್ರಿ ಎಂಟೂವರೆಯ ಹೊತ್ತಿಗೆ ಜಗುಲಿಯ ಟ್ಯೂಬ್‌ಲೈಟಿನ ಕೆಳಗೆ ಗೋಡೆಯ ಮೇಲೆ ಒಂದು ಪತಂಗ ಕೂತಿತ್ತು. ನಾವು ನೋಡುತ್ತಿದ್ದಂತೆಯೇ ಅದರ ಹಿಂತುದಿಯಿಂದ ಬೂದುಬಣ್ಣದ, ಮೈತುಂಬ ಕೂದಲಿದ್ದ ನಾಲ್ಕು ಕೊಳವೆಗಳು ಹೊರಬಂದು ಬಿಲ್ಲಿನಂತೆ ಬಾಗಿ ನಿಂತವು. ಒಂದೊಂದೂ ಪತಂಗದ ಹೊಟ್ಟೆಗಿಂತ ಉದ್ದವಿತ್ತು. ಕಾಲು ಗಂಟೆಯ ನಂತರ ಅವು ಒಳಗೆ ಹೋಗಿ ಗುರುತೇ ಇಲ್ಲದಂತಾಯಿತು. ಹುಳದ ಹೊಟ್ಟೆಯಲ್ಲಿ ಬೇರೆ ಹುಳ ಸೇರಿಕೊಂಡಿದೆ ಎಂದು ನಮ್ಮ ಅತ್ತೆಯವರು ಹೇಳಿದರು. ನೆರೆಮನೆಯವರು ಮೊಬೈಲಿಗೆ ಬಂದಿದ್ದ ಇಂಥದ್ದೇ ಒಂದು ವಿಡಿಯೊ ತೋರಿಸಿ, ಇದು ಹೊರದೇಶದಿಂದ ಬಂದ ವಿಷದ ಹುಳ ಎಂದರು. ಅಷ್ಟರಲ್ಲಿ ಆರು ವರ್ಷದ ಮಗಳು ಅದನ್ನು ಬೆರಳಿನಿಂದ ಮುಟ್ಟಿದ್ದಳು. ಹೆದರಿ ಪತಂಗವನ್ನು ಕೊಂದು ಬೆಂಕಿಪೊಟ್ಟಣದಲ್ಲಿ ಇಟ್ಟೆವು. ಎರಡು ದಿನದ ನಂತರ ಮಗಳ ಕುತ್ತಿಗೆಯ ಮೇಲೆ ಕೆಂಪು ಗೆರೆ ಎಳೆದಂತೆ ಉರಿ ಕಾಣಿಸಿಕೊಂಡು ಸಣ್ಣ ಗುಳ್ಳೆಗಳೆದ್ದಿವೆ. ಇದು ಯಾವ ಹುಳ? ಮಗುವಿಗೆ ಅಪಾಯವಿದೆಯೇ? ತೋಟಕ್ಕೆ ಹಾನಿಯಾಗುತ್ತದೆಯೇ?

ಉತ್ತರ: ನೀವು ಕಳಿಸಿದ ಎರಡು ಚಿತ್ರಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಗುರುತು ಹಿಡಿಯಲು ಅವು ಧಾರಾಳವಾಗಿ ಸಾಕು. ನೀವು ಕಂಡದ್ದು ಕ್ರಿಯಾಟೊನೋಟೋಸ್ ಗ್ಯಾಂಜಿಸ್ ಎಂಬ ಪತಂಗದ ಗಂಡು. ಹೊರಗೆ ಬಂದ ನಾಲ್ಕು ಕೊಳವೆಗಳು ಅದರದೇ ಅಂಗಗಳು. ಹೆಣ್ಣನ್ನು ಕರೆಯಲು ವಾಸನೆ ಬೀರುವುದು ಅವುಗಳ ಕೆಲಸ. ಅದರೊಳಗೆ ಬೇರೆ ಹುಳ ಇರಲಿಲ್ಲ, ಅದು ಹೊರದೇಶದಿಂದ ಬಂದದ್ದೂ ಅಲ್ಲ. ಮಗುವಿನ ಕುತ್ತಿಗೆಯ ಗುಳ್ಳೆಗಳಿಗೆ ಈ ಪತಂಗ ಕಾರಣವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಆ ಗುಳ್ಳೆಗಳನ್ನು ಕಡೆಗಣಿಸುವಂತಿಲ್ಲ. ಈ ಉತ್ತರ ಓದಿ ಮುಗಿಸುವ ಮೊದಲೇ ಮಗುವನ್ನು ಚರ್ಮದ ವೈದ್ಯರಿಗೋ ಹತ್ತಿರದ ಆಸ್ಪತ್ರೆಯಲ್ಲೋ ತೋರಿಸುವ ಏರ್ಪಾಡು ಮಾಡಿಕೊಳ್ಳಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ಗುರುತಿನ ವಿಷಯ ಮೊದಲು. ಜಗುಲಿಯ ಗೋಡೆಯ ಚಿತ್ರದಲ್ಲಿ ಪತಂಗ ರೆಕ್ಕೆಗಳನ್ನು ಹಂಚಿನ ಮಾಡಿನಂತೆ ಎರಡೂ ಕಡೆಗೆ ಇಳಿಜಾರಾಗಿ ಮಡಚಿ ಕೂತಿದೆ. ಮುಂರೆಕ್ಕೆಯ ಬಣ್ಣ ತೀರ ಮಾಸಲಾದ ಕಂದು, ಅದರಲ್ಲಿ ಗುಲಾಬಿಯ ಛಾಯೆ ಸೇರಿದೆ. ಆ ಮಾಸಲು ಬಣ್ಣದ ನಡುವೆ, ರೆಕ್ಕೆಯ ಬುಡದ ಹತ್ತಿರ ಶುರುವಾಗಿ ಹೊರ ಅಂಚಿನವರೆಗೂ ಹೋಗುವ ಒಂದು ಅಗಲವಾದ ಕಪ್ಪು ಪಟ್ಟೆಯಿದೆ. ಮಸಿಯಲ್ಲಿ ಅದ್ದಿದ ಬೆರಳನ್ನು ಒಮ್ಮೆ ಎಳೆದಂತೆ ಅದು ಕಾಣುತ್ತದೆ. ಬೆನ್ನಿನ ಮೇಲೂ ಒಂದು ಕಪ್ಪು ಪಟ್ಟೆಯಿದ್ದು, ತಲೆಯ ನೆತ್ತಿಯಲ್ಲಿ ಒಂದು ಕಪ್ಪು ಚುಕ್ಕೆಯಿದೆ. ಬೆಂಕಿಪೊಟ್ಟಣದ ಚಿತ್ರದಲ್ಲಿ ರೆಕ್ಕೆ ಬಿಡಿಸಿಕೊಂಡಿರುವುದರಿಂದ ಹೊಟ್ಟೆಯ ಮೇಲ್ಭಾಗ ಕಾಣಿಸುತ್ತದೆ. ಅದು ಕುಂಕುಮದಂಥ ಕೆಂಪು, ನಡುವೆ ಹಾಗೂ ಪಕ್ಕಗಳಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. ರೆಕ್ಕೆ ಬಿಡಿಸಿದಾಗಿನ ಅಗಲ ಬೆಂಕಿಪೊಟ್ಟಣದ ಉದ್ದಕ್ಕಿಂತ ತುಸು ಕಡಿಮೆಯಿದೆ, ಅಂದರೆ ಸುಮಾರು 4 ಸೆಂಟಿಮೀಟರ್. ಈ ನಾಲ್ಕು ಗುರುತುಗಳು ಒಟ್ಟಿಗೆ ಇದ್ದ ಮೇಲೆ, ಕೊಳವೆಗಳನ್ನು ನೋಡದೆಯೂ ಹೆಸರು ಹೇಳಬಹುದಿತ್ತು.

ಆದರೂ ಇದರೊಂದಿಗೆ ಗೊಂದಲವಾಗಬಲ್ಲ ಹತ್ತಿರದ ನೆಂಟರಿದ್ದಾರೆ. ಅವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿಸಿಯೇ ತೀರ್ಮಾನಕ್ಕೆ ಬರಬೇಕು. ಇದೇ ಕುಲದ ಕ್ರಿಯಾಟೊನೋಟೋಸ್ ಟ್ರಾನ್ಸಿಯನ್ಸ್ ಎಂಬ ಇನ್ನೊಂದು ಪತಂಗ ನಮ್ಮಲ್ಲಿದೆ. ಅದರ ಗಂಡಿಗೂ ಇಂಥವೇ ನಾಲ್ಕು ಕೊಳವೆಗಳಿರುತ್ತವೆ, ಆದರೆ ಹೊಟ್ಟೆ ಕಿತ್ತಳೆ ಹಳದಿ, ಮುಂರೆಕ್ಕೆ ಬಿಳಿಚು. ನಿಮ್ಮ ಪತಂಗದಲ್ಲಿರುವ ಉದ್ದನೆಯ ಅಗಲ ಪಟ್ಟೆ ಅದರಲ್ಲಿ ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆಗೆ ನೆಲದಿಂದೇಳುವ, ಶೇಂಗಾ ಬೆಳೆಗಾರರಿಗೆಲ್ಲ ಗೊತ್ತಿರುವ ಕೆಂಪುತಲೆ ಕಂಬಳಿಹುಳುವಿನ ಪತಂಗವೂ ಇದೇ ಬಳಗದ್ದು. ಆದರೆ ಅದರ ರೆಕ್ಕೆ ಬಿಳಿ, ಮುಂದಿನ ಅಂಚಿಗೆ ಸೀರೆಯ ಅಂಚಿನಂತೆ ಬಣ್ಣದ ಗೆರೆ. ಈ ಬಳಗವನ್ನೆಲ್ಲ ಒಟ್ಟಾಗಿ ಹುಲಿ ಪತಂಗಗಳು ಎನ್ನುತ್ತೇವೆ. ಇವುಗಳ ಮರಿಗಳೇ ನಮ್ಮ ಕಂಬಳಿಹುಳುಗಳಲ್ಲಿ ಬಹುಪಾಲು.

ಈಗ ಆ ಕೊಳವೆಗಳಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು 'ಒಂದೊಂದೂ ಪತಂಗದ ಹೊಟ್ಟೆಗಿಂತ ಉದ್ದವಿತ್ತು' ಎಂಬ ಮಾತು. ಅದನ್ನು ಗಮನಿಸಿ ಬರೆದದ್ದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ, ಏಕೆಂದರೆ ಆ ಉದ್ದವೇ ಈ ಪತಂಗದ ಬಾಲ್ಯದ ಚರಿತ್ರೆಯನ್ನು ಹೇಳುತ್ತದೆ.

ಈ ಅಂಗಕ್ಕೆ ಕೀಟಶಾಸ್ತ್ರದಲ್ಲಿ ಕೊರೆಮಾಟಾ ಎಂಬ ಹೆಸರಿದೆ. ಗ್ರೀಕ್ ಭಾಷೆಯ ಪೊರಕೆ ಎಂಬರ್ಥದ ಪದದಿಂದ ಬಂದ ಹೆಸರು ಅದು. ವಿಶ್ರಾಂತಿಯಲ್ಲಿರುವಾಗ ಈ ಕೊಳವೆಗಳು ಒಳಮುಖವಾಗಿ ಮಗುಚಿಕೊಂಡು ಹೊಟ್ಟೆಯ ತುದಿಯ ಭಾಗದಲ್ಲಿ ಅಡಗಿರುತ್ತವೆ. ಒಗೆದ ಅಂಗಿಯ ತೋಳು ಒಳಮಗ್ಗುಲಾಗಿ ಸೇರಿಕೊಂಡಿರುತ್ತದಲ್ಲ, ಹಾಗೆ. ಗಂಡು ಮೈಯೊಳಗಿನ ಒತ್ತಡವನ್ನು ಹೆಚ್ಚಿಸಿದಾಗ ಅವು ಬುಡದಿಂದ ತುದಿಯವರೆಗೆ ಹೊರಮಗ್ಗುಲಾಗಿ ಬಿಚ್ಚಿಕೊಳ್ಳುತ್ತವೆ. ಜಾತ್ರೆಯಲ್ಲಿ ಮಕ್ಕಳು ಊದುವ, ಊದಿದಾಗ ಸುರುಳಿ ಬಿಚ್ಚಿ ಮುಂದೆ ಚಾಚುವ ಕಾಗದದ ಪೀಪಿಯನ್ನು ನೆನಪಿಸಿಕೊಂಡರೆ ಇದರ ಚಲನೆ ಕಣ್ಣಿಗೆ ಕಟ್ಟುತ್ತದೆ. ಒಳಗಿದ್ದ ರೋಮಗಳು ಹೊರಬಂದು ಸುತ್ತಲೂ ಕೆದರಿ ನಿಲ್ಲುತ್ತವೆ. ವಾಸನೆಯ ದ್ರವ್ಯ ಗಾಳಿಗೆ ಸೇರಬೇಕಾದರೆ ಅದು ಹರಡಿರುವ ಜಾಗ ದೊಡ್ಡದಿರಬೇಕು. ನಯವಾದ ಕೊಳವೆಗಿಂತ ಸಾವಿರಾರು ರೋಮಗಳಿರುವ ಕೊಳವೆಯಲ್ಲಿ ಆ ಜಾಗ ಬಹುಪಟ್ಟು ಹೆಚ್ಚುತ್ತದೆ. ಒತ್ತಡ ಇಳಿಸಿದರೆ ಅವೆಲ್ಲ ಮತ್ತೆ ಒಳಗೆ. ನೀವು ಕಂಡ ಹಾಗೆ ಗುರುತೇ ಉಳಿಯುವುದಿಲ್ಲ.

ಇದರ ಬಗ್ಗೆ ನಮಗಿರುವ ತಿಳಿವಳಿಕೆಯ ಬುನಾದಿ ಜರ್ಮನಿಯ ಡೀಟ್ರಿಶ್ ಶ್ನೈಡರ್, ಮಿಖಾಯೆಲ್ ಬೊಪ್ರೆ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. ಶ್ನೈಡರ್ ಅವರು ಬವೇರಿಯಾದ ಜೀವಿಝೆನ್‌ನಲ್ಲಿದ್ದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದವರು. ಕೀಟದ ಮೀಸೆಯು ವಾಸನೆಯನ್ನು ಗ್ರಹಿಸಿದಾಗ ಹುಟ್ಟುವ ವಿದ್ಯುತ್ ಸಂಕೇತವನ್ನು ಅಳೆಯುವ ವಿಧಾನವನ್ನು 1957ರಷ್ಟು ಹಿಂದೆಯೇ ರೂಪಿಸಿದವರೂ ಅವರೇ. ಕ್ರಿಯಾಟೊನೋಟೋಸ್ ಪತಂಗಗಳ ಕಂಬಳಿಹುಳುಗಳನ್ನು ಸಾಕಿದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಮರಿಯಾಗಿದ್ದಾಗ ಪೈರೊಲಿಝಿಡಿನ್ ಆಲ್ಕಲಾಯ್ಡ್ ಎಂಬ ಸಸ್ಯವಿಷ ಇಲ್ಲದ ಆಹಾರವನ್ನಷ್ಟೇ ತಿಂದು ಬೆಳೆದ ಗಂಡುಗಳು ಉಳಿದೆಲ್ಲದರಲ್ಲೂ ಆರೋಗ್ಯವಾಗಿದ್ದವು, ಗಾತ್ರದಲ್ಲೂ ಕಡಿಮೆ ಇರಲಿಲ್ಲ. ಆದರೆ ಅವುಗಳ ಕೊರೆಮಾಟಾ ಮಾತ್ರ ಕೆಲವೇ ರೋಮಗಳಿರುವ ಗಿಡ್ಡ ಮೊಳಕೆಗಳಷ್ಟಿದ್ದವು. ಆ ಆಲ್ಕಲಾಯ್ಡನ್ನು ತಿಂದು ಬೆಳೆದ ಗಂಡುಗಳಲ್ಲಿ ಅವೇ ಕೊಳವೆಗಳು ಹೊಟ್ಟೆಗಿಂತ ಉದ್ದವಾಗಿ ಬೆಳೆದವು. ತಿಂದ ಪ್ರಮಾಣ ಹೆಚ್ಚಿದಂತೆ ಕೊಳವೆಯ ಗಾತ್ರವೂ ಹೆಚ್ಚಿತು. ಅಷ್ಟೇ ಅಲ್ಲ, ರೋಮಗಳಿಂದ ಹೊರಡುವ ಹೈಡ್ರಾಕ್ಸಿಡನೈಡಲ್ ಎಂಬ ವಾಸನೆಯ ದ್ರವ್ಯವನ್ನೂ ಪತಂಗ ಅದೇ ಆಲ್ಕಲಾಯ್ಡಿನಿಂದ ತಯಾರಿಸಿಕೊಳ್ಳುತ್ತದೆ. ಒಂದೇ ವಸ್ತು ಅಂಗದ ಅಳತೆಯನ್ನೂ ನಿರ್ಧರಿಸಿ, ಆ ಅಂಗ ಸೂಸುವ ಪರಿಮಳಕ್ಕೂ ಕಚ್ಚಾ ಸಾಮಗ್ರಿಯಾಗುವ ಇಂಥ ಏರ್ಪಾಡು ಕೀಟಲೋಕದಲ್ಲಿಯೂ ಅಪರೂಪ. ನಾನು ಇದನ್ನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಓದಿದ ದಿನದಿಂದ ಇವತ್ತಿನವರೆಗೂ ಇದರ ಬಗೆಗಿನ ನನ್ನ ಬೆರಗು ಕಡಿಮೆಯಾಗಿಲ್ಲ.

ಹಾಗಾದರೆ ನಿಮ್ಮ ಜಗುಲಿಯ ಗೋಡೆಯ ಮೇಲಿದ್ದ ಗಂಡು, ಮರಿಯಾಗಿದ್ದಾಗ ಆ ಆಲ್ಕಲಾಯ್ಡ್ ಇರುವ ಗಿಡವನ್ನು ಹೊಟ್ಟೆತುಂಬ ತಿಂದಿತ್ತು ಎಂದು ಧೈರ್ಯವಾಗಿ ಹೇಳಬಹುದು. ಆ ಗಿಡಗಳನ್ನು ನೀವು ದಿನವೂ ನೋಡುತ್ತಿರುತ್ತೀರಿ. ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಎನ್ನುವ, ಹಳದಿ ಹೂವಿನ ಕ್ರೊಟಲೇರಿಯಾ ಗಿಡಗಳಲ್ಲಿ ಈ ಆಲ್ಕಲಾಯ್ಡ್ ಇದೆ. ಹಸಿರೆಲೆ ಗೊಬ್ಬರಕ್ಕೆಂದು ಗದ್ದೆಗೆ ಬಿತ್ತುವ ಅಪ್ಸೆಣಬು ಕೂಡ ಅದೇ ಕುಲದ್ದು. ಹೂಗೊಂಚಲು ಚೇಳಿನ ಬಾಲದಂತೆ ಸುರುಳಿ ಸುತ್ತಿಕೊಂಡಿರುವ ಹೀಲಿಯೊಟ್ರೋಪಿಯಮ್ ಗಿಡದಲ್ಲಿಯೂ, ತೋಟದ ಅಂಚಿನಲ್ಲಿ ಸಣ್ಣ ನೀಲಿ ಹೂ ಬಿಡುವ ಅಜೆರಾಟಮ್ ಕಳೆಯಲ್ಲಿಯೂ, ಬೇಲಿ ಬೆಟ್ಟಗಳನ್ನೆಲ್ಲ ಆವರಿಸಿರುವ ಕಮ್ಯುನಿಸ್ಟ್ ಗಿಡದಲ್ಲಿಯೂ ಅದಿದೆ. ದನ ಬಾಯಿ ಹಾಕದಂತೆ ಗಿಡ ತನ್ನ ರಕ್ಷಣೆಗೆಂದು ಮಾಡಿಕೊಂಡ ವಿಷ ಅದು. ಈ ಕಂಬಳಿಹುಳು ಅದೇ ವಿಷವನ್ನು ಹುಡುಕಿಕೊಂಡು ಹೋಗಿ ತಿನ್ನುತ್ತದೆ. ಹಸಿವು ನೀಗಲು ಅದಕ್ಕೆ ಬೇರೆ ಎಷ್ಟೋ ಎಲೆಗಳು ಸಾಕು. ಈ ಗಿಡಗಳ ಹತ್ತಿರ ಅದು ಹೋಗುವುದು ಊಟಕ್ಕಿಂತ ಹೆಚ್ಚಾಗಿ ಔಷಧಿಗೆಂದು ಹೇಳಬೇಕು. ಬೊಪ್ರೆ ಅವರು ಇಂಥ ತಿನ್ನುವಿಕೆಗೆ ಫಾರ್ಮಕೊಫೇಜಿ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟರು.

ಈ ವಿಷದಿಂದ ಹೆಣ್ಣಿಗೆ ಏನು ಲಾಭ ಎಂದು ನೀವು ಕೇಳಬಹುದು. ಕೂಡುವಾಗ ಗಂಡು ತನ್ನ ಮೈಯಲ್ಲಿ ಕೂಡಿಟ್ಟ ಆಲ್ಕಲಾಯ್ಡಿನ ಒಂದು ಪಾಲನ್ನು ವೀರ್ಯದೊಂದಿಗೆ ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳಿಗೆ ಸಾಗಿಸುತ್ತದೆ, ಮೊಟ್ಟೆ ಕಹಿಯಾಗುತ್ತದೆ. ಇದೇ ಬಳಗದ ಅಮೆರಿಕದ ಯುಟೆಥೈಸಾ ಎಂಬ ಪತಂಗದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಜೆರಾಲ್ಡ್ ಮೈನ್ವಾಲ್ಡ್ ಅವರು ವರ್ಷಗಟ್ಟಲೆ ನಡೆಸಿದ ಪ್ರಯೋಗಗಳಲ್ಲಿ, ಇಂಥ ಮೊಟ್ಟೆಗಳನ್ನು ಶತ್ರುಕೀಟಗಳು ತಿನ್ನಲು ಹಿಂಜರಿಯುವುದು ಕಂಡುಬಂತು. ಬಲೆಗೆ ಬಿದ್ದ ಯುಟೆಥೈಸಾ ಪತಂಗವನ್ನು ಅಲ್ಲಿನ ಒಂದು ದೊಡ್ಡ ಜೇಡ ಮುಟ್ಟಿ ನೋಡಿ, ಸುತ್ತಲಿನ ಎಳೆಗಳನ್ನು ತಾನೇ ಕತ್ತರಿಸಿ ಹೊರಗೆ ಬಿಟ್ಟುಬಿಡುವುದನ್ನೂ ಅವರು ದಾಖಲಿಸಿದರು. ಆ ಕುಲದ ಒಂದು ಪತಂಗ ನಮ್ಮಲ್ಲೂ ಇದೆ. ಅಪ್ಸೆಣಬಿನ ಹೊಲದಲ್ಲಿ ಹಗಲಿನಲ್ಲಿಯೇ ಹಾರಾಡುವ, ಬಿಳಿ ರೆಕ್ಕೆಯ ಮೇಲೆ ಕೆಂಪು ಕಪ್ಪು ಚುಕ್ಕೆಗಳಿರುವ ಸಣ್ಣ ಪತಂಗವನ್ನು ನೀವು ನೋಡಿರಲೂಬಹುದು. ಹೀಗಿರುವಾಗ ದೊಡ್ಡ ಕೊಳವೆ, ದಟ್ಟ ವಾಸನೆಯ ಗಂಡೆಂದರೆ ಮಕ್ಕಳಿಗೆ ಹೆಚ್ಚು ರಕ್ಷಣೆ ತರಬಲ್ಲ ಗಂಡು ಎಂದು ಹೆಣ್ಣಿಗೆ ತಿಳಿಯುತ್ತದೆ.

ನೀವು ಕೊಟ್ಟ ಸಮಯವೂ ಇದಕ್ಕೆ ಹೊಂದುತ್ತದೆ. ಈ ಕುಲದ ಗಂಡುಗಳು ಕತ್ತಲಾದ ನಂತರದ ಮೊದಲ ಗಂಟೆಗಳಲ್ಲಿ ಕೊಳವೆ ಚಾಚಿ ಕೂರುತ್ತವೆ. ಆ ವಾಸನೆಗೆ ಹೆಣ್ಣುಗಳು ಮಾತ್ರವಲ್ಲ, ಬೇರೆ ಗಂಡುಗಳೂ ಬಂದು ಸೇರುತ್ತವೆ. ರಾತ್ರಿ ಬೆಳೆದಂತೆ ಹೆಣ್ಣುಗಳು ತಮ್ಮದೇ ಬೇರೊಂದು ವಾಸನೆ ಬೀರಿ ಗಂಡನ್ನು ಕರೆಯುತ್ತವೆ. ಹಗಲಿನಲ್ಲಿ ಈ ಪತಂಗವನ್ನು ಎಷ್ಟು ಸಲ ನೋಡಿದರೂ ಅದು ಒಂದು ಸಾಧಾರಣ ಕಂದು ಪತಂಗ. ಹುಟ್ಟಿದಂದಿನಿಂದ ಮಲೆನಾಡಿನಲ್ಲಿಯೇ ಇರುವವರೂ ಇದನ್ನು ಕಂಡು ಬೆಚ್ಚುವುದಕ್ಕೆ ಕಾರಣ ಇಷ್ಟೇ.

ಅತ್ತೆಯವರ ಊಹೆಯನ್ನು ತಳ್ಳಿಹಾಕುವ ಮುನ್ನ ಅದರಲ್ಲಿ ಹುರುಳಿದೆ ಎಂಬುದನ್ನು ಹೇಳಬೇಕು. ಕೀಟಗಳ ಮೈಯೊಳಗೆ ಬೇರೆ ಜೀವ ಬೆಳೆಯುವುದು ನಿಜ. ಕಂಬಳಿಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಕಣಜಗಳಿವೆ, ನೊಣಗಳಿವೆ. ಅಕಾಂತೊಮೈಸಿಸ್ ಎಂಬ ಶಿಲೀಂಧ್ರ ಪತಂಗವನ್ನು ಕೊಂದು, ಅದರ ಮೈಯಿಂದ ಕಡ್ಡಿಗಳಂಥ ಮಾಸಲು ಮೊಳಕೆಗಳನ್ನು ಹೊರಡಿಸುತ್ತದೆ; ಅದನ್ನು ಕಂಡವರಿಗೆ ನಿಮ್ಮ ಪತಂಗವೂ ಹಾಗೆಯೇ ತೋರಿದರೆ ತಪ್ಪಿಲ್ಲ. ಆದರೆ ಬೇರೆ ಮಾಡಿ ನೋಡಲು ಮೂರು ಸಂಗತಿಗಳಿವೆ. ಶಿಲೀಂಧ್ರ ಹೊರಬಂದ ಪತಂಗ ಸತ್ತು, ಕೂತಲ್ಲಿಗೇ ಅಂಟಿಕೊಂಡಿರುತ್ತದೆ, ನಿಮ್ಮದು ಜೀವಂತವಾಗಿತ್ತು. ಶಿಲೀಂಧ್ರದ ಮೊಳಕೆಗಳು ಮೈಯ ಎಲ್ಲೆಂದರಲ್ಲಿ ಏಳುತ್ತವೆ. ನೀವು ಕಂಡವು ಎಡಕ್ಕೆರಡು ಬಲಕ್ಕೆರಡು, ಅಳತೆ ಮಾಡಿಟ್ಟಂತೆ ಸಮನಾಗಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಮೈಯೊಳಗಿನಿಂದ ಹೊರಬಂದ ಪರಾವಲಂಬಿ ಹುಳು ಕಾಲು ಗಂಟೆಯ ನಂತರ ಮತ್ತೆ ಮಡಚಿಕೊಂಡು ಒಳಗೆ ಹೋಗುವುದಿಲ್ಲ.

ನೆರೆಯವರು ತೋರಿಸಿದ ವಿಡಿಯೊ, 2017ರಲ್ಲಿ ಇಂಡೋನೇಷ್ಯಾದ ಬಾಲಿಯಿಂದ ಹೊರಟು ಲೋಕವನ್ನೆಲ್ಲ ಸುತ್ತಿದ ವಿಡಿಯೊ ಇದ್ದೀತು. ಅದರಲ್ಲಿರುವುದೂ ಇದೇ ಬಗೆಯ ಪತಂಗ. ಆದರೆ ಅದು ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ; ಎರಡೂ ಕಡೆ ಮೊದಲಿನಿಂದಲೂ ಇರುವಂಥದ್ದು. ಲಿನ್ನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟದ್ದು 1763ರಲ್ಲಿ. ಜಾರ್ಜ್ ಹ್ಯಾಂಪ್ಸನ್ ಅವರು 1890ರ ದಶಕದಲ್ಲಿ ಬರೆದ ಬ್ರಿಟಿಷ್ ಇಂಡಿಯಾದ ಪತಂಗಗಳ ಸಂಪುಟಗಳಲ್ಲಿ ಇದರ ವರ್ಣನೆಯಿದೆ. ನೆತ್ತಿಯ ಕಪ್ಪು ಚುಕ್ಕೆ, ಬೆನ್ನಿನ ಪಟ್ಟೆ, ಕೆಂಪು ಹೊಟ್ಟೆ ಎಂದು ನಿಮ್ಮ ಚಿತ್ರದಲ್ಲಿ ನಾನು ಎಣಿಸಿದ ಗುರುತುಗಳೇ ಅಲ್ಲಿಯೂ ಇವೆ. ಭಾರತ ಮತ್ತು ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ, ಚೀನಾ, ನ್ಯೂಗಿನಿ ದಾಟಿ ಆಸ್ಟ್ರೇಲಿಯಾದ ಉತ್ತರ ಭಾಗದವರೆಗೆ ಇದರ ವಾಸ. ನಿಮ್ಮ ಮನೆಯ ಹಿರಿಯರು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಕೂತಿದ್ದ ಕಾಲದಲ್ಲಿಯೂ ಅದು ಬೇಲಿಯಲ್ಲಿತ್ತು. ಆ ಮಬ್ಬು ಬೆಳಕಿಗೆ ಒಳಗೆ ಬರುವ ಕಾರಣ ಅದಕ್ಕಿರಲಿಲ್ಲ.

ಬೆಳಕಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಪತಂಗ ದೀಪಕ್ಕೆ ಮರುಳಾಗಿ ಬರುತ್ತದೆ ಎಂದು ನಾವು ಕವಿತೆಗಳಲ್ಲಿ ಓದಿದ್ದೇವೆ. 2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅತಿವೇಗದ ಕ್ಯಾಮೆರಾಗಳಿಂದ ಚಿತ್ರ ತೆಗೆದು ಬೇರೆಯೇ ಕಾರಣವನ್ನು ತೋರಿಸಿತು. ಹಾರುವ ಕೀಟಗಳು ಬೆಳಕಿರುವ ಕಡೆಗೆ ಬೆನ್ನು ಮಾಡಿಕೊಂಡು ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯುತ್ತವೆ. ರಾತ್ರಿಯಲ್ಲಿ ನೆಲಕ್ಕಿಂತ ಆಕಾಶವೇ ಬೆಳಕಾಗಿರುವುದರಿಂದ ಕೋಟ್ಯಂತರ ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ಪಕ್ಕದಲ್ಲಿ ದೀಪವಿದ್ದರೆ ಅದು ದೀಪಕ್ಕೆ ಬೆನ್ನು ತಿರುಗಿಸಲು ಹೋಗಿ, ಅದರ ಸುತ್ತಲೇ ಸುತ್ತುತ್ತ ಹೊರಗೆ ಹೋಗುವ ದಾರಿ ಕಾಣದೆ ಸಿಕ್ಕಿಬೀಳುತ್ತದೆ. ನಿಮ್ಮ ಗಂಡು ಪತಂಗ ಹೀಗೆ ಜಗುಲಿಗೆ ಬಂದು, ದಣಿದು ಗೋಡೆಗೆ ಕೂತು, ತನ್ನ ಹೊತ್ತು ಬಂದಾಗ ಅಲ್ಲಿಂದಲೇ ಹೆಣ್ಣನ್ನು ಕರೆಯತೊಡಗಿತು. ಮಳೆಗಾಲ ಮುಗಿಯುವವರೆಗೆ ಜಗುಲಿಗೆ ಬಿಳಿಯ ಟ್ಯೂಬ್‌ಲೈಟಿನ ಬದಲು ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಬಲ್ಬ್ ಹಾಕಿದರೆ, ಬರುವ ಹುಳಗಳು ಗಮನಾರ್ಹವಾಗಿ ಕಡಿಮೆಯಾಗುತ್ತವೆ.

ಹಾಗೆ ಕಡಿಮೆ ಮಾಡಿಕೊಳ್ಳಿ ಎಂದು ನಾನು ಹೇಳುವುದು ಈ ಪತಂಗಕ್ಕೆ ಹೆದರಿ ಅಲ್ಲ. ಅದೇ ದೀಪಕ್ಕೆ ಬರುವ ಇನ್ನೊಂದು ಹುಳಕ್ಕಾಗಿ. ಮಗುವಿನ ಕುತ್ತಿಗೆಯ ವಿಷಯ ಇಲ್ಲಿಗೆ ಬರುತ್ತದೆ. ಈ ಪತಂಗಕ್ಕೆ ಕಚ್ಚುವ ಬಾಯಿಯಿಲ್ಲ, ಚುಚ್ಚುವ ಕೊಂಡಿಯಿಲ್ಲ. ಮಗು ಮುಟ್ಟಿದ್ದು ಬೆರಳಿನಿಂದ. ಗುಳ್ಳೆ ಎದ್ದದ್ದು ಕುತ್ತಿಗೆಯಲ್ಲಿ, ಅದೂ ಎರಡು ದಿನ ಬಿಟ್ಟು, ಅದೂ ಗೆರೆ ಎಳೆದಂತೆ. ಈ ಮೂರೂ ಸೇರಿದಾಗ ನನಗೆ ಮೊದಲು ನೆನಪಾಗುವುದು ಪೀಡರಸ್ ಎಂಬ ಪುಟ್ಟ ಜೀರುಂಡೆ. ಮುಕ್ಕಾಲರಿಂದ ಒಂದು ಸೆಂಟಿಮೀಟರ್ ಉದ್ದ, ಇರುವೆಯಂಥ ಸಪೂರ ಮೈ, ಕಿತ್ತಳೆ ಮತ್ತು ನೀಲಿಗಪ್ಪು ಬಣ್ಣಗಳ ಪಟ್ಟಿ. ರೆಕ್ಕೆಯ ಕವಚ ತೀರ ಗಿಡ್ಡವಾದ್ದರಿಂದ ಮೊದಲ ನೋಟಕ್ಕೆ ಜೀರುಂಡೆ ಎಂದೇ ಅನಿಸುವುದಿಲ್ಲ. ಗದ್ದೆಯ ತೇವದ ಮಣ್ಣಿನಲ್ಲಿ ವಾಸಿಸುವ ಇದು ಬೇರೆ ಕೀಟಗಳನ್ನು ತಿನ್ನುವುದರಿಂದ ಬೆಳೆಗೆ ಉಪಕಾರಿ. ಮಳೆಗಾಲದಲ್ಲಿ ದೀಪಕ್ಕೆ ಬಂದು, ಮೈಮೇಲೆ ಹರಿದಾಡುವಾಗ ನಾವು ಅರಿವಿಲ್ಲದೆ ಉಜ್ಜಿಬಿಟ್ಟರೆ, ಅದರ ಮೈದ್ರವದಲ್ಲಿರುವ ಪೆಡರಿನ್ ಎಂಬ ವಸ್ತು ಚರ್ಮಕ್ಕೆ ತಗಲುತ್ತದೆ. ತಗಲಿದಾಗ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನದೊಳಗೆ, ಉಜ್ಜಿದ ದಿಕ್ಕಿನಲ್ಲಿಯೇ ಕೆಂಪು ಗೆರೆ ಮೂಡಿ ಉರಿಯತೊಡಗಿ ಗುಳ್ಳೆಗಳೇಳುತ್ತವೆ. ಊರಲ್ಲಿ 'ಹುಳ ಹರಿದಿದೆ' ಎನ್ನುವ ಮಾತಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಚಿತ್ರವಿಲ್ಲದೆ, ಮಗುವನ್ನು ನೋಡದೆ, ನಾನು ಇದನ್ನೇ ಖಚಿತವೆಂದು ಹೇಳುವುದು ಸರಿಯಲ್ಲ, ಅದು ವೈದ್ಯರ ಕೆಲಸ. ಸರ್ಪಸುತ್ತು ಮೊದಲಾದ ಬೇರೆ ಕಾರಣಗಳನ್ನು ಅವರು ನೋಡಿಯೇ ನಿರ್ಧರಿಸಬೇಕು. ಅವರ ಹತ್ತಿರ ಹೋಗುವವರೆಗೆ ಆ ಜಾಗವನ್ನು ಸೋಪು ನೀರಿನಿಂದ ಮೃದುವಾಗಿ ತೊಳೆಯಿರಿ, ಮಗು ಗುಳ್ಳೆಯನ್ನು ಕೆರೆದು ಒಡೆಯದಂತೆಯೂ ಆ ಕೈಯಿಂದ ಕಣ್ಣು ಉಜ್ಜದಂತೆಯೂ ನೋಡಿಕೊಳ್ಳಿ. ಸುಣ್ಣ, ಟೂತ್‌ಪೇಸ್ಟು ಹಚ್ಚಬೇಡಿ. ಇನ್ನು ಮುಂದೆ ಇಂಥ ಕಿತ್ತಳೆ ಕಪ್ಪು ಹುಳ ಮೈಮೇಲೆ ಕಂಡರೆ ಉಜ್ಜದೆ ಊದಿ ಹಾರಿಸಿ, ಅಥವಾ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಿ. ರಾತ್ರಿ ಮಲಗುವ ಮುನ್ನ ಹಾಸಿಗೆ, ದಿಂಬುಗಳನ್ನು ಕೊಡವಿಕೊಳ್ಳುವ ಹಳೆಯ ರೂಢಿ ಈ ತಿಂಗಳುಗಳಲ್ಲಿ ಬಹಳ ಒಳ್ಳೆಯದು.

ಪತಂಗದ ಮೈಯಲ್ಲಿ ಸಸ್ಯವಿಷವಿದೆ ಎಂದು ಹೇಳಿದ ಮೇಲೆ, ಮುಟ್ಟಿದರೆ ಏನೂ ಆಗದೆಂಬ ಮಾತು ನಿಮಗೆ ಪೂರ್ತಿ ಸಮಾಧಾನ ಕೊಡದಿರಬಹುದು. ಪೈರೊಲಿಝಿಡಿನ್ ಆಲ್ಕಲಾಯ್ಡ್ ಮನುಷ್ಯರಿಗೆ ಅಪಾಯ ಮಾಡುವುದು ಹೊಟ್ಟೆಗೆ ಹೋದಾಗ, ಅದೂ ಸಾಕಷ್ಟು ಪ್ರಮಾಣದಲ್ಲಿ. ಆಗ ಅದು ಪಿತ್ತಜನಕಾಂಗದ ಸೂಕ್ಷ್ಮ ರಕ್ತನಾಳಗಳನ್ನು ಹಾಳುಮಾಡುತ್ತದೆ. 1970ರ ದಶಕದಲ್ಲಿ ಇಂದಿನ ಛತ್ತೀಸಗಢದ ಸುರ್ಗುಜಾ ಜಿಲ್ಲೆಯಲ್ಲಿ, ಸಾಮೆಯ ಜತೆ ಕ್ರೊಟಲೇರಿಯಾ ಬೀಜ ಬೆರೆತುಹೋಗಿ, ಅದನ್ನು ಉಂಡ ಕುಟುಂಬಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಹಬ್ಬಿ ಅನೇಕರು ಸತ್ತರು. ಅದೇ ದಶಕದಲ್ಲಿ ಅಫ್ಘಾನಿಸ್ತಾನದಲ್ಲಿ ಗೋಧಿಯೊಡನೆ ಹೀಲಿಯೊಟ್ರೋಪಿಯಮ್ ಬೀಜ ಸೇರಿ ಇಂಥದ್ದೇ ದುರಂತ ನಡೆಯಿತು. ಆದ್ದರಿಂದ ನೀವು ಎಚ್ಚರ ವಹಿಸಬೇಕಾದ್ದು ಗಿಡದ ಬಗ್ಗೆ. ಗಿಲಿಗಿಲಿ ಕಾಯಿಗಳನ್ನು ಮಕ್ಕಳು ಆಟಕ್ಕೆ ಬಳಸಲಿ, ಬೀಜವನ್ನು ಬಾಯಿಗೆ ಹಾಕದಿರಲಿ. ಧಾನ್ಯ ಹಸನು ಮಾಡುವಾಗ ಕಳೆಬೀಜ ಬೆರೆಯದಿರಲಿ. ಕಂಡ ಕಂಡ ಗಿಡದ ಕಷಾಯವನ್ನು ಮನೆಮದ್ದೆಂದು ಕುಡಿಸದಿರಿ. ಒಂದು ಪತಂಗವನ್ನು ಬೆರಳಿನ ತುದಿಯಿಂದ ಮುಟ್ಟಿದ ಮಗುವಿಗೆ ಇದಾವುದರ ಸೋಂಕೂ ಇಲ್ಲ. ರೆಕ್ಕೆಯ ಹುಡಿ ಕೈಗೆ ಅಂಟಿರುತ್ತದೆಯಾದ್ದರಿಂದ ಕೈ ತೊಳೆಸಿದರೆ ಆಯಿತು.

ತೋಟಕ್ಕೆ ಇದರಿಂದ ತೊಂದರೆಯಿಲ್ಲ. ಇದರ ಮರಿ ಗಾಢ ಕಂದು ಬಣ್ಣದ, ಬೆನ್ನುದ್ದಕ್ಕೂ ಹಳದಿ ಗೆರೆಯಿರುವ ಕಂಬಳಿಹುಳು. ಭತ್ತ, ಮೆಕ್ಕೆಜೋಳ, ಸಿಹಿಗೆಣಸಿನ ಎಲೆಗಳನ್ನೂ ಅದು ತಿನ್ನುವುದುಂಟು, ಆದರೆ ಕೆಂಪುತಲೆ ಕಂಬಳಿಹುಳುವಿನಂತೆ ದಂಡುಕಟ್ಟಿ ಬಂದು ಹೊಲ ಬೋಳು ಮಾಡುವಂಥದ್ದಲ್ಲ. ಇದಕ್ಕೆಂದು ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ಮರಿಯನ್ನು ಮಾತ್ರ ಬರಿಗೈಯಿಂದ ಮುಟ್ಟದಿರುವುದು ಮೇಲು. ಯಾವ ಕಂಬಳಿಹುಳುವಿನ ರೋಮವೇ ಆದರೂ ಎಳೆಯ ಚರ್ಮಕ್ಕೆ ತುರಿಕೆ ತರಬಹುದು.

ಈಗ ನಿಮ್ಮಲ್ಲಿ ಒಂದು ಕೋರಿಕೆ. ಬಿಡುವಾದಾಗ ಹಗಲಿನಲ್ಲಿ ಬೇಲಿಯುದ್ದಕ್ಕೂ ಒಮ್ಮೆ ನಡೆದು, ಮೇಲೆ ಹೇಳಿದ ಗಿಡಗಳಲ್ಲಿ ಯಾವುದು ಹೆಚ್ಚಾಗಿದೆ ಎಂದು ನೋಡಿ, ಅದರ ಎಲೆಗಳ ಅಡಿಭಾಗವನ್ನು ಮಗುಚಿ ಪರೀಕ್ಷಿಸಿ. ಒಣಗಿದ ಗಿಲಿಗಿಲಿ ಗಿಡ ಅಥವಾ ಸುರುಳಿ ಹೂವಿನ ಗಿಡ ಇದ್ದರೆ, ಅದರ ಮೇಲೆ ನೀಲಿ ಪಟ್ಟೆಯ, ಕಂದು ಕಪ್ಪಿನ ಚಿಟ್ಟೆಗಳು ಗುಂಪಾಗಿ ಕೂತು ಹೀರುತ್ತಿರುವುದನ್ನೂ ನೀವು ಕಂಡೀರಿ. ಆ ಗಂಡು ಚಿಟ್ಟೆಗಳು ಹುಡುಕಿ ಬಂದಿರುವುದು ಇದೇ ಆಲ್ಕಲಾಯ್ಡನ್ನು, ಹೆಚ್ಚುಕಡಿಮೆ ಇದೇ ಉದ್ದೇಶಕ್ಕೆ. ಕಂಬಳಿಹುಳು ಸಿಕ್ಕರೆ ಯಾವ ಗಿಡದ ಮೇಲಿತ್ತೆಂದು ಬರೆದು, ಎಲೆ ಹೂವು ಎರಡೂ ಕಾಣುವಂತೆ ಚಿತ್ರ ತೆಗೆದು ಕಳಿಸಿ.

ಬೆಂಕಿಪೊಟ್ಟಣದಲ್ಲಿರುವ ಪತಂಗವನ್ನು ಎಸೆಯಬೇಡಿ. ಅದು ಒಣಗಿರುವುದರಿಂದ ಕೊಳವೆಗಳನ್ನು ಇನ್ನು ಹೊರತೆಗೆಯಲಾಗದು. ಒತ್ತಿ ನೋಡಿದರೆ ಹೊಟ್ಟೆ ಪುಡಿಯಾಗುತ್ತದೆ, ಅಷ್ಟೇ. ಕೆಳಗೆ ತೆಳುವಾಗಿ ಹತ್ತಿ ಹಾಸಿ, ಇರುವೆ ಬಾರದಂತೆ ಒಂದು ಚೂರು ನುಸಿಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಮೂಲೆಯಲ್ಲಿಟ್ಟು, ಪೊಟ್ಟಣವನ್ನು ಮಗಳ ಕೈಗೆ ಎಟುಕದಂತೆ ಇಡಿ. ಒಂದು ಸಣ್ಣ ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಖು, ಹೊತ್ತು, ಜಗುಲಿಯ ಗೋಡೆ, ಟ್ಯೂಬ್‌ಲೈಟಿನ ಹತ್ತಿರ ಎಂದು ಪೆನ್ಸಿಲ್ಲಿನಿಂದ ಬರೆದು ಒಳಗೆ ಹಾಕಿ. ಪೆನ್ನಿನ ಮಸಿ ಮಲೆನಾಡಿನ ತೇವಕ್ಕೆ ಹರಡುತ್ತದೆ. ಕೊಳವೆಗಳು ಹೊಟ್ಟೆಗಿಂತ ಉದ್ದವಿದ್ದವು ಎಂಬ ನಿಮ್ಮ ಮಾತನ್ನೂ ಅದೇ ಚೀಟಿಯಲ್ಲಿ ಸೇರಿಸಿ, ಏಕೆಂದರೆ ಒಣಗಿದ ಪತಂಗವನ್ನು ನೋಡಿ ಅದನ್ನು ಇನ್ನು ಯಾರೂ ತಿಳಿಯಲಾರರು.